ಬೆಲೆ ಇಳಿಯಲೆಂದು ಕಾದದ್ದು

ಕೊಳ್ಳದೆ ಉಳಿಸಿದ ಹಣವನ್ನು ಗಳಿಕೆಯೆಂದು ನಂಬುವವರ ಪೈಕಿ ನಾನೂ ಒಬ್ಬಳು. ಹುಣಸೂರಿನಲ್ಲಿ ನಮ್ಮದೊಂದು ಪುಟ್ಟ ಸ್ಟುಡಿಯೋ ಇದೆ. ನನ್ನ ಗಂಡ ಮದುವೆಗಳಿಗೆ ಹೋಗಿ ವಿಡಿಯೋ ತೆಗೆದು ತರುತ್ತಾರೆ. ಅದನ್ನು ಕತ್ತರಿಸಿ, ಹಾಡು ಕೂಡಿಸಿ, ನೋಡುವಂತೆ ಮಾಡುವವರು ನಾನು ಮತ್ತು ನಾದಿನಿ ಮಂಜುಳಾ. ಕಂಪ್ಯೂಟರ್ ಮಾತ್ರ ತೀರ ಹಳೆಯದು. ಧಾರೆಯ ದೃಶ್ಯ ಬಂದರೆ ಸಾಕು, ಮದುಮಗನ ಕೈಯನ್ನು ಅರ್ಧಕ್ಕೇ ನಿಲ್ಲಿಸಿ ಯೋಚನೆಗೆ ಕೂರುತ್ತಿತ್ತು.

ಅದರ ಮಿದುಳಾದ ಪ್ರೊಸೆಸರನ್ನು ಹೊಸದಾಗಿ ಹಾಕಿಸಬೇಕೆಂದು ಇಬ್ಬರಿಗೂ ಒಪ್ಪಿಗೆಯಿತ್ತು. ಯಾವುದನ್ನು ಎನ್ನುವುದರಲ್ಲೇ ಜಗಳ. ಅಂಗಡಿಯಲ್ಲಿ ಸಿಗುವುದು ಎರಡೇ ಕಂಪನಿಯವು, ಅವೂ ಬೀಗರಂತೆ: ಒಬ್ಬರು ಏನು ಕೊಟ್ಟರೂ ಇನ್ನೊಬ್ಬರು ಒಂದು ಕೈ ಮೇಲೆಂದು ತೋರಿಸಬೇಕು. ನಮ್ಮಲ್ಲಿ ತಲೆಮಾರು ದಾಟಲು ಮಕ್ಕಳು ಹುಟ್ಟಿ ಬೆಳೆಯಬೇಕು. ಪ್ರೊಸೆಸರಿಗೆ ವರ್ಷವೋ ಎರಡು ವರ್ಷವೋ ಸಾಕು. ಹೊಸ ತಲೆಮಾರು ಬಂತೆಂದರೆ ಹಿಂದಿನದರ ಬೆಲೆ ಇಳಿಯುತ್ತದೆ. ಆಗ ಹೋದ ವರ್ಷದ ದೊಡ್ಡದು ಈ ವರ್ಷದ ಚಿಕ್ಕದರ ಬೆಲೆಗೇ ಸಿಕ್ಕೀತು. ಇದನ್ನು ಕಂಡುಕೊಂಡದ್ದೇ ನನಗೆ ಕೇಡಾಯಿತು. ಇಳಿದದ್ದು ಇನ್ನೂ ಇಳಿಯಬಹುದಲ್ಲ ಎಂದು ಕಾದೆ. ಇಳಿಯಿತು, ಅಷ್ಟರಲ್ಲಿ ಅದನ್ನು ಕೂರಿಸುವ ಮದರ್‌ಬೋರ್ಡ್ ಸಿಗದಾಯಿತು. ಇನ್ನೊಂದು ಕಂಪನಿಯದಕ್ಕೆ ಬೋರ್ಡ್ ಸಿಕ್ಕಾಗ, ಜೊತೆಗೆ ಬೇಕಾದ ರ‍್ಯಾಮ್ ಬೆಲೆ ಏರಿ ಕೂತಿತ್ತು.

"ನೀವು ಕಾಯ್ತಾ ಇರಿ. ನಂಗೆ ಕೆಲ್ಸ ಆಗ್ಬೇಕು ಕಣತ್ತಿಗೆ," ಎಂದಳು ಮಂಜುಳಾ ಒಂದು ದಿನ. ಪಿರಿಯಾಪಟ್ಟಣದಲ್ಲಿ ತಾನೇ ವಿಡಿಯೋ ಎಡಿಟಿಂಗ್ ಅಂಗಡಿ ಮಾಡಿ, ನಾನು ಬೇಡವೆಂದ ಕಂಪನಿಯ ಹಿಂದಿನ ತಲೆಮಾರಿನದನ್ನೇ ಹಾಕಿಸಿಕೊಂಡಳು. ಹಳೆಯದಕ್ಕೆ ದುಡ್ಡು ಸುರಿದಳೆಂದು ನಾನು ಮೂಗು ಮುರಿದೆ. ಆದರೆ ಸ್ಟುಡಿಯೋ ಜಗಳಕ್ಕೂ ಜನವಿಲ್ಲದೆ ಬಿಕೋ ಎನ್ನುತ್ತಿತ್ತು.

ಮದುವೆಗಳ ಕಾಲ ಬಂತು, ಮುಗಿಯುತ್ತಲೂ ಬಂತು. ಕೆ.ಆರ್. ನಗರದವರೊಬ್ಬರು ಮಗಳ ಮದುವೆಯ ವಿಡಿಯೋವನ್ನು ಬೀಗರೂಟದಲ್ಲೇ ತೋರಿಸಬೇಕೆಂದಿದ್ದರು. ಹಿಂದಿನ ದಿನ ನಮ್ಮ ಕಂಪ್ಯೂಟರ್ ಪೂರ್ತಿ ಕೈಚೆಲ್ಲಿತು.

"ಮಂಜಿ ತಾವ್ಕೆ ಓಗು," ಎಂದರು ನನ್ನ ಗಂಡ. "ನಿನ್ ಬಿಗುಮಾನ ಬೀಗ್ರೂಟಕ್ಕೆ ಬಡ್ಸಕ್ಕಾಯ್ತದಾ?"

ವಿಡಿಯೋ ಇದ್ದ ಹಾರ್ಡ್ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಏನನ್ನುತ್ತಾಳೋ ಎಂದು ದಾರಿಯುದ್ದಕ್ಕೂ ಅಳುಕು. ಅವಳು, "ಬನ್ನಿ ಅತ್ತಿಗೆ, ಕೂತ್ಕಳಿ," ಎಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಯಾವ ಹಾಡು ಹಾಕುವುದೆಂದು ಮೊದಲಿನಂತೆಯೇ ಕಿತ್ತಾಡಿದೆವು. ಕೊನೆಗೆ ಎಲ್ಲ ಜೋಡಿಸಿಟ್ಟು, ಕಾಫಿ ಕುಡಿದು ಲೋಟ ತೊಳೆದಿಡುವಷ್ಟರಲ್ಲಿ ವಿಡಿಯೋ ಸಿದ್ಧವಾಗಿತ್ತು.

"ಈ ಪ್ರೊಸೆಸರ್ ರೇಟು ಈಗ ಎಷ್ಟಾಗದೆ, ನೋಡಿದ್ಯಾ?" ಎಂದೆ, ಅಭ್ಯಾಸಬಲ.

"ತಗಂಡ್ಮೇಲೆ ಯಾಕ್ ನೋಡ್ಲಿ, ಬುಡಿ ಅತ್ತಿಗೆ."

ಹಿಂದಿರುಗುವ ಬಸ್ಸಿನಲ್ಲಿ ನಾನೇ ನೋಡಿದೆ. ಚೆನ್ನಾಗಿಯೇ ಇಳಿದಿತ್ತು. ಮೊದಲಾಗಿದ್ದರೆ ಅಲ್ಲಿಂದಲೇ ಫೋನ್ ಮಾಡಿ ಹೇಳುತ್ತಿದ್ದೆ. ಅವಳು ಹೆಚ್ಚಿಗೆ ಕೊಟ್ಟ ಹಣಕ್ಕೆ ಅವಳಿಗೆ ಇಡೀ ಒಂದು ಮದುವೆಕಾಲ ಸಿಕ್ಕಿತ್ತು. ನಾನು ಉಳಿಸಿದ್ದಕ್ಕೆ ನನಗೆ ಸಿಕ್ಕಿದ್ದು ಬೆಲೆಗಳ ಬಗೆಗಿನ ಅಪಾರ ಜ್ಞಾನ.

ಮುಂದಿನ ವಾರ ನಾನೂ ಅದನ್ನೇ ಕೊಂಡೆ. ಹೊಸ ತಲೆಮಾರು ಇನ್ನೇನು ಬರುತ್ತದೆ, ಸ್ವಲ್ಪ ಕಾಯಬಹುದಿತ್ತು ಎಂದ ಅಂಗಡಿಯವನು. ಬರಲಿ ಬಿಡಿ, ಅಷ್ಟರಲ್ಲಿ ಇನ್ನೂ ಒಂದೆರಡು ಮದುವೆ ಮುಗಿಸಿರುತ್ತೇನೆ ಎಂದೆ.