ಸಿಡ್ನಿಯ ಆಟ ಮುಗಿಯುವವರೆಗೆ

ಸೈನಿಮಿಲಿಯನ್ನು ರಗ್ಬಿ ಮೈದಾನದಿಂದ ಮೊದಲು ಅಟ್ಟಿದವನು ಅವಳ ಅಪ್ಪ ಇಲೈಸಾ. ಅವರ ದ್ವೀಪದ ರೇವಾ ನದಿ ಸಮುದ್ರ ಸೇರುವ ಮೊದಲು ಅಗಲವಾಗಿ, ಕೆಸರಾಗಿ, ಸೋಮಾರಿಯಂತೆ ಹರಿಯುವ ಕಡೆ ಅವರ ಹಳ್ಳಿ ವುನಿಂದಿಲೋ ಇತ್ತು. ಅಲ್ಲಿ ಮೈದಾನವೆಂದರೆ ಇಗರ್ಜಿಯಷ್ಟೇ ಪವಿತ್ರ, ಆದರೆ ಗಂಡಸರ ಸೊತ್ತು. ಸಂಜೆ ಮರಗೆಣಸಿನ ತೋಟದಿಂದ ಬಂದವರು ಕತ್ತಿಯನ್ನು ಬೇಲಿಗೆ ಸಿಕ್ಕಿಸಿ ಚೆಂಡು ಹಿಡಿಯುತ್ತಿದ್ದರು. ಹೆಣ್ಣುಮಕ್ಕಳು ಅಂಚಿನಲ್ಲಿ ಕೂತು ನಗಬಹುದಿತ್ತು, ಗೇಲಿ ಮಾಡಬಹುದಿತ್ತು. ಗೆರೆಯ ಒಳಗೆ ಕಾಲಿಡುವಂತಿರಲಿಲ್ಲ.

ಮಿಲಿ ಕಾಲಿಟ್ಟಳು. ಅಣ್ಣ ಪೆನಿಯ ಹಳೇ ಬೂಟಿಗೆ ಬಟ್ಟೆ ತುರುಕಿಕೊಂಡು, ಹುಡುಗರ ನಡುವೆ ನುಗ್ಗಿ, ಚೆಂಡು ಕಿತ್ತುಕೊಂಡು ಓಡಿಬಿಟ್ಟಳು.

“ಏಯ್, ನಡಿ ಮನೆಗೆ!” ಎಂದು ಇಲೈಸಾ ಕೂಗಿದ. “ಗೆಣಸು ಬೇಯ್ಸೋರ್ಯಾರು, ನಿಮ್ಮಜ್ಜನಾ?”

ಸಂಜೆಯ ಅಮಲಿನ ಪಾನಕ್ಕೆಂದು ಯಂಗೋನಾ ಬೇರು ಕುಟ್ಟುತ್ತ ಕೂತಿದ್ದ ಗಂಡಸರಲ್ಲಿ ಒಬ್ಬ ಸುಮ್ಮನಿರಲಿಲ್ಲ. “ಮಗಳು ನಿನಗಿಂತ ಚೆನ್ನಾಗಿ ಓಡ್ತಾಳಲ್ಲೋ ಇಲೈಸಾ. ಅದಕ್ಕೇ ಹೊಟ್ಟೆ ಉರೀತಾ?”

ಆ ಮಾತು ತಾಗಬಾರದ ಕಡೆ ತಾಗಿತು. ಇಲೈಸಾ ಪ್ರಾಯದಲ್ಲಿ ಪ್ರಾಂತ್ಯದ ತಂಡದ ಆಯ್ಕೆಗೆಂದು ಹೋಗಿ, ಹೆಸರು ಕೂಗುತ್ತಾರೇನೋ ಎಂದು ಸಂಜೆವರೆಗೆ ಬಿಸಿಲಲ್ಲಿ ನಿಂತು ವಾಪಸು ಬಂದವನು. ಅವನು ಮಗಳ ಕಾಲಿಂದ ಬೂಟು ಕಿತ್ತು ನದಿಗೆ ಎಸೆದ.

ಮಿಲಿಯ ತಾಯಿ ಕೆಲೆರಾ ನದಿಯ ತಳಕ್ಕೆ ಮುಳುಗಿ ಕಪ್ಪೆಚಿಪ್ಪು ಹೆಕ್ಕುವವಳು. ಆ ದಂಡೆಯ ಹೆಂಗಸರೆಲ್ಲ ಮುಳುಗುತ್ತಿದ್ದರು, ಆದರೆ ಕೆಲೆರಾ ಮುಳುಗಿದರೆ ದೋಣಿಯಲ್ಲಿ ಕೂತವರಿಗೆ ಎದೆ ಡವಗುಟ್ಟುವಷ್ಟು ಹೊತ್ತು ಮೇಲೆ ಬರುತ್ತಿರಲಿಲ್ಲ. ನೀರಿಳಿತದ ಹೊತ್ತಿಗೆ ಅವಳು ಹೋಗಿ ಒಂದು ಬೂಟನ್ನು ಸಲೀಸಾಗಿ ತಂದಳು. ಇನ್ನೊಂದಕ್ಕೆ ಕೆಸರನ್ನೆಲ್ಲ ಕೈಯಿಂದ ಬಾಚಬೇಕಾಯಿತು. ಎರಡನ್ನೂ ಹಿಡಿದು, ಮೈಯಿಂದ ನೀರು ತೊಟ್ಟಿಕ್ಕಿಸುತ್ತ, ನೇರ ಗಂಡಸರ ಕೂಟಕ್ಕೇ ಬಂದಳು.

“ಇನ್ನೊಂದ್ಸಲ ಎಸುದ್ರೆ ನಿನ್ನನ್ನೂ ಅಲ್ಲಿಗೇ ಎಸೀತೀನಿ,” ಎಂದಳು ಗಂಡನಿಗೆ. “ಆಮೇಲೆ ಮುಳುಗಿ ತೆಗಿಯೋದಿಲ್ಲ, ನೋಡ್ಕೋ.”

ಕೂಟ ಬಿದ್ದು ಬಿದ್ದು ನಕ್ಕಿತು. ಇಲೈಸಾ ನಗಲಿಲ್ಲ, ಆದರೆ ಮತ್ತೆ ಬೂಟಿನ ತಂಟೆಗೆ ಹೋಗಲಿಲ್ಲ.

ಮಿಲಿ ಪೇಟೆಯ ಕ್ಲಬ್ಬಿಗೆ ಸೇರಿದಳು, ಅಲ್ಲಿಂದ ರಾಜಧಾನಿ ಸುವಾಕ್ಕೆ ಹೋದಳು, ಕೊನೆಗೆ ದೇಶದ ಹೆಂಗಸರ ತಂಡಕ್ಕೇ ಆಯ್ಕೆಯಾದಳು. ಏಳೇಳು ಜನರ ಆಟ. ಹದಿನಾಲ್ಕು ನಿಮಿಷದಲ್ಲಿ ಮುಗಿದುಹೋಗುತ್ತದೆ, ಆದರೆ ಅಷ್ಟರಲ್ಲಿ ಆಡುವವರ ಜೀವ ಬಾಯಿಗೆ ಬಂದಿರುತ್ತದೆ. ಒಂದೊಂದು ಸಲ ಒಂದೊಂದು ದೇಶದ ಊರಲ್ಲಿ ಎಲ್ಲ ದೇಶದ ತಂಡಗಳೂ ಸೇರಿ ಶನಿವಾರ ಭಾನುವಾರ ಆಡಿ, ಮತ್ತೆ ಮೂಟೆ ಕಟ್ಟಿ ಮುಂದಿನ ಊರಿಗೆ ಹೊರಡುವುದು. ಮಿಲಿ ಅಂಚಿನಲ್ಲಿ ಓಡುವವಳು. ಚೆಂಡು ಕೈಗೆ ಬಂದರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಆಯ್ಕೆಯ ಸುದ್ದಿ ಬಂದ ದಿನ ಊರಿನ ಮುಖ್ಯಸ್ಥನೇ ಯಂಗೋನಾ ಬೇರಿನ ಕಟ್ಟು ಹಿಡಿದು ಇಲೈಸಾನ ಮನೆಗೆ ಬಂದ. ಇಲೈಸಾ ಚಕ್ಕಳಮಕ್ಕಳ ಹಾಕಿ ಕೂತು, ಪದ್ಧತಿಯಂತೆ ಚಪ್ಪಾಳೆ ತಟ್ಟಿ, ಆ ಮರ್ಯಾದೆಯನ್ನು ಗಂಭೀರವಾಗಿ ಸ್ವೀಕರಿಸಿದ. ಆವತ್ತಿಂದ ಅವನು ಬೇರೆ ಮನುಷ್ಯನಾದ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಮಗಳ ಓಟದ ವರ್ಣನೆ. “ನಾನೇ ಕಲಿಸಿದ್ದು” ಎಂದು ಒಮ್ಮೆ ಹೇಳಿಯೂ ಬಿಟ್ಟ. ಕೆಲೆರಾ ಪಕ್ಕದಲ್ಲೇ ಇದ್ದಳು. “ಹೌದೌದು, ಬೂಟಿಗೆ ಈಜೋದನ್ನೂ ಇವನೇ ಕಲಿಸಿದ್ದು,” ಎಂದಳು.

ಮಿಲಿ ದುಬೈಯಿಂದಲೂ ಕೇಪ್‌ಟೌನಿಂದಲೂ ಅವ್ವನಿಗೆ ಫೋನು ಮಾಡುತ್ತಿದ್ದಳು. ಕೆಲೆರಾ ಆಟದ ಮಾತು ಎತ್ತುತ್ತಿರಲಿಲ್ಲ.

“ಅಲ್ಲಿ ನದಿ ಐತಾ ಮಗಾ?”

“ಇಲ್ಲವ್ವ. ಬರೀ ಮರಳು.”

“ಅಯ್ಯೋ ಪಾಪ. ಮತ್ತೆ ಹೆಂಗಸರು ಏನ್ ಮಾಡ್ತಾರೆ ದಿನವೆಲ್ಲಾ?”

ಆ ವರ್ಷ ಸಿಡ್ನಿಯ ಆಟ ಬಂದದ್ದು ಮಳೆಗಾಲದ ನಡುವೆ. ನದಿ ಉಕ್ಕಿ ದಂಡೆಯ ಮನೆಗಳ ಮೆಟ್ಟಿಲವರೆಗೆ ಬಂದು ಇಳಿದಿತ್ತು. ಶನಿವಾರ ಊರವರೆಲ್ಲ ಸಭಾಮಂದಿರದಲ್ಲಿ ಟೀವಿ ಮುಂದೆ ಸೇರುವುದೆಂದು ಗೊತ್ತಾಗಿತ್ತು, ಬಂದವರಿಗೆ ಊಟ ಮಿಲಿಯ ಮನೆಯದು. ತೆಂಗಿನ ಹಾಲಲ್ಲಿ ಬೇಯಿಸಿದ ಕಪ್ಪೆಚಿಪ್ಪಿಲ್ಲದೆ ಅದೆಂಥ ಊಟ? ನೀರು ಇನ್ನೂ ಕೆಂಪಗಿದೆ, ಬೇಡ ಎಂದು ಹೆಂಗಸರು ಹೇಳಿದರೂ ಹೆಕ್ಕಿದ್ದನ್ನು ಬುಟ್ಟಿಯಲ್ಲಿ ನೀರಲ್ಲೇ ಕಟ್ಟಿಟ್ಟರಾಯಿತೆಂದು ಕೆಲೆರಾ ಮುಂಚಿತವಾಗಿಯೇ ಮುಳುಗಲು ಹೊರಟಳು. ಕಾಲಲ್ಲಿ ಚಿಪ್ಪು ಕೊಯ್ದ ಗಾಯವಿತ್ತು. ಅವಳ ಕಾಲಲ್ಲಿ ಅಂಥ ಗಾಯ ಇಲ್ಲದ ದಿನವೇ ಇರಲಿಲ್ಲ.

ಕೆಲವು ದಿನ ಕಳೆದು ಮೈಕೈ ನೋವು, ಆಮೇಲೆ ಜ್ವರ, ಆಮೇಲೆ ಕಣ್ಣು ಹಳದಿ. ನೆರೆಯ ಕೊಳೆನೀರು ಗಾಯಕ್ಕೆ ಸೇರಿ ಬರುವ ಇಲಿಜ್ವರ. ಪೆನಿ ಅವ್ವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಮಿಲಿ ಸಿಡ್ನಿ ಸೇರಿಯಾಗಿತ್ತು. ಆಟದ ದಿನಗಳಲ್ಲಿ ಹುಡುಗಿಯರು ಫೋನುಗಳನ್ನು ತಂಡದ ಮೇಲ್ವಿಚಾರಕಿ ಉನೈಸಿಯ ಕೈಗೆ ಕೊಟ್ಟುಬಿಡಬೇಕು. ಅದು ಅವರೇ ಒಪ್ಪಿಕೊಂಡಿದ್ದ ಕಟ್ಟಳೆ.

ಶನಿವಾರ ಮಿಲಿಗೆ ಎಲ್ಲ ಸರಿಯಾಗಿಯೇ ಕಂಡಿತು. ಉನೈಸಿ ಮಾತ್ರ ಎಲ್ಲರಿಗೂ ನೀರು ಕೊಡುವಾಗ ಅವಳ ಮುಖ ನೋಡಲಿಲ್ಲ.

“ಏನಕ್ಕ, ನನ್ಮೇಲೆ ಮುನಿಸಾ?”

“ಮುನಿಸೆಂಥದು. ಕುಡಿ, ಕುಡಿ,” ಎಂದು ಉನೈಸಿ ಬೇರೆ ಕಡೆ ನಡೆದಳು.

ಭಾನುವಾರ ಉಪಾಂತ್ಯದಲ್ಲಿ ಸೋತರು. ಮೂರನೇ ಸ್ಥಾನದ ಪಂದ್ಯ ಮುಗಿಯಲು ಇನ್ನೇನು ಗಳಿಗೆಯಿರುವಾಗ ಚೆಂಡು ಮಿಲಿಗೆ ಸಿಕ್ಕಿತು. ಎದುರಿಗೆ ಬಂದವಳನ್ನು ಭುಜದಿಂದ ತಳ್ಳಿ, ಇನ್ನೊಬ್ಬಳ ಬೆರಳ ತುದಿಯಿಂದ ಜಾರಿ, ಇಡೀ ಮೈದಾನ ಓಡಿ ಗೆರೆಯಾಚೆ ಚೆಂಡನ್ನೂರಿ ಬಿದ್ದಳು. ಗೆದ್ದರು. ಕ್ಯಾಮೆರಾ ಹತ್ತಿರ ಬಂದಾಗ ಅವಳು ಮುಖ ತುಂಬ ನಗುತ್ತ, “ಅವ್ವಾ! ನೋಡ್ದೇನವ್ವಾ!” ಎಂದು ಕೂಗಿದಳು.

ವುನಿಂದಿಲೋದ ಸಭಾಮಂದಿರದಲ್ಲಿ ಆಗ ಹೆಂಗಸರು ಚಾಪೆ ಹಾಸುತ್ತಿದ್ದರು. ಕೆಲೆರಾ ಅಂದು ಮಧ್ಯಾಹ್ನವೇ ತೀರಿಕೊಂಡಿದ್ದಳು. ಟೀವಿಯನ್ನು ಆರಿಸಲು ಯಾರಿಗೂ ಹೊಳೆದಿರಲಿಲ್ಲ. ಮಿಲಿ ಕೂಗಿದ್ದನ್ನು ಎಲ್ಲರೂ ಕೇಳಿದರು, ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ ಎಂದು ಪೆನಿಯ ಹೆಂಡತಿ ಎಷ್ಟೋ ದಿನದ ಮೇಲೆ ಅವಳಿಗೆ ಹೇಳಿದಳು.

ಬಟ್ಟೆ ಬದಲಿಸುವ ಕೋಣೆಯ ಹಿಂದಿನ ಓಣಿಯಲ್ಲಿ ಉನೈಸಿ ಫೋನು ಕೊಟ್ಟಳು. ಆಚೆ ಪೆನಿ ಅಳುತ್ತಿದ್ದ. ಮಿಲಿಗೆ ಮೊದಲು ಅರ್ಥವಾದದ್ದು ಸಾವಲ್ಲ, ಶುಕ್ರವಾರ ಎಂಬ ಮಾತು. ಶುಕ್ರವಾರವೇ ಅವ್ವ ಆಸ್ಪತ್ರೆಗೆ ಸೇರಿದ್ದಳು.

“ಶುಕ್ರವಾರವಾ?” ಎಂದು ಅವಳು ಉನೈಸಿಯ ಕಡೆ ತಿರುಗಿದಳು. “ನಿಮಗೆ ಗೊತ್ತಿತ್ತಾ?”

“ನಿಮ್ಮಪ್ಪ ಬೇಡ ಅಂದ್ರಮ್ಮ,” ಎಂದಳು ಉನೈಸಿ ಗೋಡೆಗೆ ಒರಗಿ. “ಆವತ್ತೇ ವಿಮಾನ ಹತ್ತಿಸ್ತೀನಿ ಅಂದೆ. ಬರೀ ಜ್ವರ, ಆಟ ಮುಗೀಲಿ ಅಂದ್ರು. ಅಪ್ಪನ ಮಾತು ಮೀರೋಕೆ ನಾನ್ಯಾರು?”

ಸಿಡ್ನಿಯಿಂದ ಊರಿಗೆ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಆ ನಾಲ್ಕು ಗಂಟೆಯೂ ಮಿಲಿ ಕೊರಳಲ್ಲಿದ್ದ ಪದಕವನ್ನು ತೆಗೆಯುವುದನ್ನೇ ಮರೆತು ಕೂತಿದ್ದಳು. ಪಕ್ಕದವರು ಅಭಿನಂದನೆ ಹೇಳಿದರು.

ಊರಲ್ಲಿ ನೆಂಟರು ಸಾವಿನ ಮನೆಗೆ ಒಪ್ಪಿಸುವ ಕಾಣಿಕೆಗಳಾದ ಚಾಪೆ, ಸೀಮೆಎಣ್ಣೆ, ತಿಮಿಂಗಿಲದ ಹಲ್ಲು ಹಿಡಿದು ಗುಂಪುಗುಂಪಾಗಿ ಬಂದರು. ಕೆಲೆರಾಳ ತವರಿನವರು ಸಿಟ್ಟಿನಿಂದಲೇ ಬಂದಿದ್ದರು. ಕಾಯಿಲೆಯ ಸುದ್ದಿಯನ್ನು ಇಲೈಸಾ ಅವರಿಗೂ ತಡವಾಗಿ ತಿಳಿಸಿದ್ದ. ಅವನು ಅವರ ಮುಂದೆ ತಲೆ ಬಗ್ಗಿಸಿ ತಿಮಿಂಗಿಲದ ಹಲ್ಲನ್ನಿಟ್ಟು ಕ್ಷಮೆ ಕೇಳಿದ, ಅವರು ಪದ್ಧತಿಯಂತೆ ಅದನ್ನು ಮುಟ್ಟಿ ಸ್ವೀಕರಿಸಿದರು, ಅಲ್ಲಿಗೆ ಆ ಸಿಟ್ಟು ಮುಗಿಯಿತು. ಆದರೆ ಅಪ್ಪನೊಬ್ಬ ಮಗಳ ಮುಂದೆ ಏನನ್ನಿಟ್ಟು ಕ್ಷಮೆ ಕೇಳಬೇಕು ಎಂಬುದಕ್ಕೆ ಆ ಊರಲ್ಲಿ ಪದ್ಧತಿಯೇ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಿಲಿಯೇ ಕೇಳಿದಳು. ಇಲೈಸಾ ಹಿತ್ತಲಲ್ಲಿ ಒಬ್ಬನೇ ಕೂತಿದ್ದ.

“ಅವ್ವ ನನ್ನ ಕೇಳಿದ್ಳಾ?”

ಅವನು ಸುಳ್ಳು ಹೇಳಬಹುದಿತ್ತು. ಆಡಲಿ ಬಿಡು ಅಂದಳು ಎಂದಿದ್ದರೆ ಇಡೀ ಊರು ನಂಬುತ್ತಿತ್ತು. ಮಿಲಿಯೂ ನಂಬಿಬಿಡುತ್ತಿದ್ದಳೋ ಏನೋ.

“ಕೇಳಿದ್ಳು,” ಎಂದ. “ಮಿಲಿ ಎಲ್ಲಿ ಅಂದ್ಳು. ಸಿಡ್ನೀಲವಳೆ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದ್ಳು. ಕೇಳ್ತಾನೇ ಇದ್ಳು.”

“ಫೋನಾದ್ರೂ ಕಿವಿಗೆ ಹಿಡೀಬೌದಿತ್ತಲ್ಲಪ್ಪ.”

“ಹಿಡೀಬೌದಿತ್ತು.”

“ಮತ್ತೆ?”

“ಡಾಕ್ಟ್ರು ಹೇಳಿದ್ರು, ಉಳಿಯಲ್ಲ ಅಂತ. ಹೇಳಿದ್ರೆ ನೀನು ಬಂದುಬಿಡ್ತಿದ್ದೆ. ನೀನು ಆಡೋದು ನಂಗೆ ನೋಡ್ಬೇಕಿತ್ತು ಮಗಾ. ಅಷ್ಟೇ. ಬೇರೆ ಏನೂ ಇಲ್ಲ.”

ಮಿಲಿ ಎದ್ದು ಒಳಗೆ ಹೋಗಿ ನೆಂಟರಿಗೆ ಚಹಾ ಕೊಟ್ಟಳು.

ಆಮೇಲೂ ಅವಳು ಆಡಿದಳು. ಹಾಂಗ್‌ಕಾಂಗಿಗೆ ಹೋದಳು, ಚೆನ್ನಾಗಿಯೇ ಓಡಿದಳು. ಗೆರೆ ದಾಟಿ ಬಿದ್ದಾಗ ಗೆಳತಿಯರು ಮೈಮೇಲೆ ಬಿದ್ದು ಕುಣಿದರು. ಅವಳಿಗೆ ಯಾರದೋ ಮದುವೆಯಲ್ಲಿ ನಿಂತಂತಿತ್ತು. ಆ ವರ್ಷದ ಆಟಗಳೆಲ್ಲ ಮುಗಿದ ಮೇಲೆ ಉನೈಸಿಗೆ “ಸಾಕಕ್ಕ” ಎಂದಳು. ಉನೈಸಿ ಕಾರಣ ಕೇಳಲಿಲ್ಲ, ಅಪ್ಪಿಕೊಂಡು ಅತ್ತಳು. ಊರಿನವರು ಮಾತ್ರ ಕೇಳಿಕೇಳಿ ದಣಿದರು. ಕಾಲು ನೋವು ಎಂದು ಕೆಲವರಿಗೆ, ವಯಸ್ಸಾಯಿತು ಎಂದು ಕೆಲವರಿಗೆ ಹೇಳಿ ಅವಳು ನದಿಗಿಳಿದಳು. ಅವ್ವನಷ್ಟು ಹೊತ್ತು ಅವಳಿಗೆ ನೀರಡಿ ಇರಲಾಗುತ್ತಿರಲಿಲ್ಲ.

ಪೆನಿ ಹೆಂಡತಿಯ ಊರಿಗೆ ಹೋಗಿ ನೆಲೆಸಿದ. ಮನೆಯಲ್ಲಿ ಅಪ್ಪ ಮಗಳಿಬ್ಬರೇ. ಉಪ್ಪು ಮುಗಿದಿದೆ, ಮಳೆ ಬರುವಂತಿದೆ, ಇಷ್ಟೇ ಮಾತು. ಆಟದ ಶನಿವಾರ ಬಂದರೆ ಇಲೈಸಾ ಸಭಾಮಂದಿರಕ್ಕೆ ಹೋಗಿ ಹಿಂದೆ, ಬಾಗಿಲ ಹತ್ತಿರ ಕೂರುತ್ತಿದ್ದ. ಯಾರ ಜೊತೆಗೂ ಮಗಳ ಹೆಸರೆತ್ತುತ್ತಿರಲಿಲ್ಲ.

ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಕೇಳಿದ. “ಇನ್ನು ಆಡೋದೇ ಇಲ್ವಾ?”

“ಯಾರಿಗೋಸ್ಕರ? ನಿಂಗೋಸ್ಕರನಾ?”

ಅವನು ಕೈ ತೊಳೆದು ಎದ್ದು ಹೊರಟುಹೋದ. ಮಿಲಿ ಅವನ ಪಾಲನ್ನು ಬಟ್ಟಲಲ್ಲಿ ಮುಚ್ಚಿಟ್ಟು ಮಲಗಿದಳು. ಬೆಳಿಗ್ಗೆ ಎದ್ದಾಗ ಊಟ ಖಾಲಿಯಾಗಿತ್ತು. ಬಟ್ಟಲನ್ನು ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿತ್ತು. ಹುಟ್ಟಿದಾಗಿನಿಂದ ಇಲೈಸಾ ಒಂದು ಚಮಚವನ್ನೂ ತೊಳೆದವನಲ್ಲ. ಅವಳು ಅದನ್ನು ತಿರುಗಿಸಿ ನೋಡಿದಳು. ಅಂಚಿನಲ್ಲಿ ತೆಂಗಿನ ಹಾಲಿನ ಜಿಡ್ಡು ಹಾಗೇ ಉಳಿದಿತ್ತು. ಮತ್ತೆ ತೊಳೆಯದೆ, ಹಾಗೆಯೇ ಬೋರಲಿಟ್ಟು ಬುಟ್ಟಿ ತೆಗೆದುಕೊಂಡು ನದಿಗೆ ಹೋದಳು.