ತಮ್ಮಯ್ಯನ ಪೇಪರಿನಲ್ಲಿ ಎಲ್ಲ ಸಾವೂ ನಿಗೂಢ

ಅಕ್ಕಿಹೆಬ್ಬಾಳಿನಲ್ಲಿ ತಮ್ಮಯ್ಯ ಹದಿನೆಂಟು ವರ್ಷದಿಂದ ಪೇಪರು ಹಂಚುತ್ತಿದ್ದ. ಸುತ್ತಿನ ಹಳ್ಳಿಗಳ ಸುದ್ದಿ ಬರೆದು, ಕವರಿಗೆ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಪೇಪರಿನ ಆಫೀಸಿಗೆ ಕಳಿಸುವವನೂ ಅವನೇ. ಬೆಳಿಗ್ಗೆ ನನ್ನ ಎಲೆಅಡಿಕೆ ಅಂಗಡಿಯ ಮುಂದೆ ಬಂಡಲು ಬಿಚ್ಚಿ ಹೆಡ್ಡಿಂಗುಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಅಕ್ಷರ ಕೂಡಿಸುವಷ್ಟರಲ್ಲಿ ಹೊತ್ತೇರುವ ನನ್ನಂಥವರಿಗೆ ಅಷ್ಟೇ ಪೇಪರು.

ಕೇಳಿ ಕೇಳಿ ಕಿವಿ ದಣಿದಿತ್ತು. ಹೊಳೆಗೆ ನೀರು ಬಂದರೆ ರುದ್ರನರ್ತನ, ಮಂತ್ರಿ ಬಂದರೆ ಜನಸಾಗರ. ಒಂದು ದಿನ ನನ್ನ ತಂಗಿಯ ಊರಲ್ಲಿ "ಬಿಗುವಿನ ವಾತಾವರಣ" ಎಂದು ಓದಿದ. ಹಿಂದಿನ ದಿನ ಅಲ್ಲೇ ನಾನು ಅವರೆಕಾಳು ಹಿದುಕಿಕೊಂಡು ಕುಳಿತಿದ್ದೆ.

"ಏನ್ ಬಿಗುವೋ ತಮ್ಮಯ್ಯ? ಒಂದು ನಾಯಿನೂ ಬೊಗಳ್ನಿಲ್ವಲ್ಲೋ ಅಲ್ಲಿ!"

"ಪೇಪರಲ್ಲಿ ಬಂದೈತೆ ಅಂದ್ರೆ ಬಂದೈತೆ ದೊಡ್ಡವ್ವ. ನೀನು ಅಡ್ಕೆ ಕತ್ತರ್ಸು."

ಆ ಮಾತನ್ನು ಅವನು ನಂಬಿದ್ದ. ಗೇಯಲು ನೆಲವಿಲ್ಲದ, ಒಂದು ಕಾಲು ಎಳೆಯುವ ಅವನನ್ನು ಜನ ಕೂರಿಸಿ ಕಾಫಿ ಕೊಡುತ್ತಿದ್ದುದೂ ಆ ಮಾತಿನಿಂದಲೇ.

ತೊಂಬತ್ತನಾಲ್ಕರ ಕಾರ್ತಿಕದಲ್ಲಿ ನಮ್ಮ ಬೀದಿಯ ಮಂಚಮ್ಮ ಹೊಳೆಯ ಮೆಟ್ಟಿಲಲ್ಲಿ ಜಾರಿಬಿದ್ದಳು. ನಾನು ಮೂರು ಮೆಟ್ಟಿಲು ಮೇಲಿದ್ದೆ. ಪಾಚಿಯ ಮೇಲೆ ಕಾಲಿಟ್ಟಳು, ತಲೆ ಕಲ್ಲಿಗೆ ಬಡಿಯಿತು, ಮುಗಿಯಿತು. ಸೊಸೆ ಮಂಗಳಮ್ಮ ಆಗ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ತಮ್ಮಯ್ಯ ಬರೆದದ್ದೂ ಅಷ್ಟನ್ನೇ. ನನಗೆ ಓದಿ ಹೇಳಿಯೇ ಕವರು ಅಂಟಿಸಿದ.

ಮೂರನೆಯ ದಿನ ಬಂಡಲು ಬಿಚ್ಚಿದವನು ಬಾಯಿ ಬಿಡಲಿಲ್ಲ. ನಾನೇ ತೆಗೆದುಕೊಂಡು ಅಕ್ಷರ ಕೂಡಿಸಿದೆ. "ವೃದ್ಧೆಯ ನಿಗೂಢ ಸಾವು: ಬೆಚ್ಚಿಬಿದ್ದ ಗ್ರಾಮ." ಕಾಲು ಜಾರಿದ್ದು ಕೆಳಗೆ ಸಣ್ಣಕ್ಷರದಲ್ಲಿತ್ತು. ಅಲ್ಲಿಯವರೆಗೆ ಓದುವವರು ಯಾರು?

ಮಂಚಮ್ಮನ ಮಗಳು ಪುಟ್ಟತಾಯಮ್ಮನನ್ನು ನಾಗಮಂಗಲದ ಕಡೆ ಕೊಟ್ಟಿತ್ತು. ಅತ್ತೆ ಸೊಸೆಗೆ ಆಗಾಗ ಮಾತು ಹತ್ತುತ್ತಿದ್ದುದು ಅವಳಿಗೆ ಗೊತ್ತಿತ್ತು. ಮಣ್ಣು ಮಾಡುವಾಗ ಬಂದು ಅತ್ತು ಹೋದವಳು, ಪೇಪರು ನೋಡಿದ ಮೇಲೆ ಹೇಳಿಕಳಿಸಿದಳು: "ನಮ್ಮವ್ವನ್ನ ತಿಂದ್ಕೊಂಡೋಳ ಕೈಯಲ್ಲಿ ಉಣ್ಣಾಕಿಲ್ಲ. ತಿಥಿಗೆ ಬರಾಕಿಲ್ಲ."

ಹೆತ್ತ ಮಗಳೇ ಹನ್ನೊಂದನೆಯ ದಿನದ ತಿಥಿಗೆ ಬಂದು ಉಣ್ಣದಿದ್ದರೆ ಊರು ಸುಮ್ಮನಿರುವುದಿಲ್ಲ. ಮಂಗಳಮ್ಮ ಆ ಊರಲ್ಲೇ ಬಾಳಬೇಕಿತ್ತು. ಬೋರ್‌ವೆಲ್ಲಿನ ಹತ್ತಿರ ಆಗಲೇ ಹೆಂಗಸರು ಅವಳ ಬಿಂದಿಗೆಯಿಂದ ತಮ್ಮ ಬಿಂದಿಗೆ ದೂರ ಇಡತೊಡಗಿದ್ದರು.

ತಮ್ಮಯ್ಯ ಆಫೀಸಿಗೆ ಹೋಗಿ ಕೇಳಿದ. "ಮುದುಕಿ ಜಾರಿಬಿದ್ದಳು ಅಂತ ಹಾಕಿದರೆ ಯಾರ್ರೀ ಓದ್ತಾರೆ?" ಎಂದು ನಕ್ಕರಂತೆ. ತಿಥಿಗೆ ಎರಡು ದಿನವಿರುವಾಗ ಹಳೇ ಪೇಪರಿನ ಕಟ್ಟೊಂದನ್ನು ಹೆಗಲಿಗೇರಿಸಿಕೊಂಡು ಬಂದ.

"ಕಣ್ಣಾರೆ ಕಂಡೋಳು ನೀನೇ ದೊಡ್ಡವ್ವ. ನಡಿ, ಹೋಗವ."

ಎರಡು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ನನ್ನ ಮಂಡಿ ಕಳಚಿದಂತಾಗಿತ್ತು. ಪುಟ್ಟತಾಯಮ್ಮ ಜಗಲಿಗೂ ಕರೆಯಲಿಲ್ಲ.

"ನೀನೇ ಬರ್ದು ನೀನೇ ಬಂದಿದ್ದೀಯಲ್ಲ ತಮ್ಮಯ್ಯಣ್ಣ. ಪೇಪರ್ನೋರು ಸುಮ್ಸುಮ್ನೆ ಬರೀತಾರಾ?"

"ಬರೀತಾರೆ ಕಣವ್ವ."

ಬಿಸಿಲಲ್ಲೇ ಕುಕ್ಕರಿಸಿ ಕಟ್ಟು ಬಿಚ್ಚಿದ. "ಇದ್ ನೋಡು, ಯುವಕನ ನಿಗೂಢ ಸಾವು. ಕುಡ್ದು ಬಸ್ಸಿಂದ ಬಿದ್ದೋನು. ಇದೂ ನಿಗೂಢ, ಆವು ಕಚ್ಚಿದ್ದು. ಇದು ಎಮ್ಮೆ. ಎಮ್ಮೆ ಸತ್ತಿದ್ಕೂ ಊರು ಬೆಚ್ಚಿಬಿದ್ದೈತೆ, ನೋಡವ್ವ."

ಒಟ್ಟು ಹನ್ನೊಂದು ಪೇಪರು. ಹೈಸ್ಕೂಲಿಗೆ ಹೋಗುವ ಅವಳ ಮಗಳು ರಮ್ಯ ಒಂದೊಂದನ್ನೂ ಕೆಳಗಿನ ಸಾಲಿನವರೆಗೆ ಓದಿದಳು. ಎಮ್ಮೆಯದು ಬಂದಾಗ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡಳು.

"ಪೇಪರಲ್ಲಿ ಬಂದೈತೆ ಅಂತ ಇಷ್ಟ್ ವರ್ಷ ಕೂಗ್ದೋನು ನಾನೇ," ಎಂದ ತಮ್ಮಯ್ಯ. "ನಂಬ್ಬೇಡ ಕಣವ್ವ."

ನಾನು ಅವನ ಮುಖ ನೋಡಲಿಲ್ಲ. ಪುಟ್ಟತಾಯಮ್ಮ ನನ್ನ ಕಡೆ ತಿರುಗಿದಳು.

"ನೀನಲ್ಲಿದ್ಯಾ ದೊಡ್ಡವ್ವ?"

"ಮೂರು ಮೆಟ್ಲು ಮ್ಯಾಲಿದ್ದೆ ಮಗ."

ಕಂಡದ್ದನ್ನು ಹೇಳಿದೆ. ಪುಟ್ಟತಾಯಮ್ಮ ಒಳಗೆ ಹೋಗಿ ನಮ್ಮಿಬ್ಬರಿಗೂ ನೀರು ತಂದುಕೊಟ್ಟಳು. ಬರುತ್ತೇನೆಂದೂ ಅನ್ನಲಿಲ್ಲ, ಬಾರೆನೆಂದೂ ಅನ್ನಲಿಲ್ಲ.

ತಿಥಿಯ ದಿನ ಬಂದಳು. ಎಡೆಗೆ ಕೈಮುಗಿದು ನನ್ನ ಪಕ್ಕದಲ್ಲಿ ಪಂಕ್ತಿಗೆ ಕುಳಿತಳು. ಮಂಗಳಮ್ಮ ಮುದ್ದೆ ಇಡಲು ಬಂದಳು. ಎಲೆಗೆ ಅಡ್ಡ ಇಟ್ಟಿದ್ದ ಕೈಯನ್ನು ಪುಟ್ಟತಾಯಮ್ಮ ತೆಗೆದಳು. ಮುದ್ದೆ ಬಿತ್ತು. ತುತ್ತು ಮುರಿಯುವ ಮುಂಚೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು.

"ಇನ್ನೊಂದ್ಸಲ ಯೋಳು ದೊಡ್ಡವ್ವ. ಎಂಗ್ ಜಾರಿದ್ಲು?"

ಹೇಳಿದೆ. ಆಮೇಲೆ ಉಂಡಳು. ಬೋರ್‌ವೆಲ್ಲಿನ ಹತ್ತಿರ ಬಿಂದಿಗೆಗಳು ಮತ್ತೆ ಒತ್ತಿಕೊಂಡು ಕುಳಿತವು.

ತಮ್ಮಯ್ಯ ಸುದ್ದಿ ಕಳಿಸುವುದನ್ನು ಬಿಟ್ಟ. ಪೇಪರು ಹಂಚುತ್ತಾನೆ, ಓದಿ ಹೇಳುವುದಿಲ್ಲ. ಕಾಫಿಗೆ ಕರೆಯುವವರೂ ಕಡಿಮೆಯಾದರು. ಪುಟ್ಟತಾಯಮ್ಮ ವರ್ಷಕ್ಕೊಮ್ಮೆ ಅವ್ವನ ಎಡೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು, ಎಲೆಗೆ ಸುಣ್ಣ ಹಚ್ಚುತ್ತಾ ಅವ್ವ ಹೇಗೆ ಜಾರಿದಳೆಂದೇ ಕೇಳುತ್ತಾಳೆ. ನಾನೂ ಮೊದಲಿನಿಂದ ಹೇಳುತ್ತೇನೆ.