ವಡಪಳನಿಯ ಉದ್ದನೆಯ ಕೋಣೆ

ಅಡುಗೆಮನೆಗೂ ಹಾಲಿಗೂ ನಡುವೆ ಇರುವ ಗೋಡೆ ಒಡೆಸೋಣ ಎಂದು ಮಗ ಶಿವರಂಜನ್ ಹೇಳಿದಾಗ ಸರ್ವಮಂಗಳಾ ಒಂದೇ ಮಾತಿನಲ್ಲಿ "ಬ್ಯಾಡ" ಅಂದುಬಿಟ್ಟರು.

ಮದರಾಸಿನ ವಡಪಳನಿ ದೇವಸ್ಥಾನದ ಹಿಂದಿನ ಓಣಿಯ ಆ ಮನೆಗೆ ಹಿತ್ತಲಲ್ಲಿ ಒಂದಿಷ್ಟು ಜಾಗ ಸುಮ್ಮನೆ ಬಿದ್ದಿತ್ತು. ಅಲ್ಲಿಯವರೆಗೂ ಮನೆ ಬೆಳೆಸಿ, ಒಲೆ, ಊಟದ ಮೇಜು ಎಲ್ಲ ಒಂದೇ ಕಡೆ ಬರುವಂತೆ ಓಪನ್ ಕಿಚನ್ ಮಾಡಬೇಕೆಂದು ಮಗ ಸೊಸೆಯ ಆಸೆ. ಆರ್ಕಿಟೆಕ್ಟ್ ಜಯಲಕ್ಷ್ಮೀ ಪ್ಲಾನ್ ಹಿಡಿದು ಬಂದಿದ್ದಳು. ಸೊಸೆ ಪೂರ್ಣಿಮಾ ನುಂಗಂಬಾಕ್ಕಂನ ಆಫೀಸಿಗೆ ರಜೆ ಹಾಕಿ ಕೂತಿದ್ದಳು.

"ಯಾಕ ಅತ್ತಿ? ಬಂದವರಿಗೆ ಅಡಗಿಮನಿ ಕಾಣಬಾರದು ಅಂತನ?"

"ಹಂಗೇನಿಲ್ಲ."

"ಮತ್ತ?"

ಅಷ್ಟರಲ್ಲಿ ಜಯಲಕ್ಷ್ಮೀ ಗೋಡೆಯನ್ನು ಬೆರಳಿನಿಂದ ತಟ್ಟಿ, ಇದು ಮನೆಯ ಭಾರ ಹೊತ್ತ ಗೋಡೆಯಲ್ಲ, ಆಮೇಲೆ ಯಾರೋ ಕಟ್ಟಿಸಿದ್ದು ಎಂದು ತಮಿಳಿನಲ್ಲಿ ಹೇಳಿದಳು. ಶಿವರಂಜನ್ ತಲೆಯಾಡಿಸಿದ. "ಚಾನ್ಸೇ ಇಲ್ಲ. ನಾ ಹುಟ್ಟಿದಾಗಿಂದ ಐತಿ ಇದು."

"ಇಲ್ಲಪಾ," ಅಂದರು ಸರ್ವಮಂಗಳಾ. "ನಿಮ್ಮಪ್ಪ ಕಟ್ಟಿಸಿದ್ದು. ನೀ ಆವಾಗ ಸಾಲಿಗೂ ಹೊಂಟಿದ್ದಿಲ್ಲ."

ಮದುವೆಯಾಗಿ ಗದಗಿನಿಂದ ಬಂದಾಗ ಈ ಮನೆಯೆಂದರೆ ಒಂದೇ ಒಂದು ಉದ್ದನೆಯ ಕೋಣೆ. ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಬಾಗಿಲು. ಗಂಡ ಗುರುಬಸಪ್ಪನವರದು ಸಿನಿಮಾ ಸ್ಟುಡಿಯೋಗಳಿಗೆ ಬಟ್ಟೆ ಒದಗಿಸುವ ವ್ಯಾಪಾರ. ಕನ್ನಡದ ಸಿನಿಮಾಗಳೆಲ್ಲ ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲ ಅದು. ಲೈಟಿನವರು, ಮೇಕಪ್ಪಿನ ಸಹಾಯಕರು, ಕೋರಸ್ ಹಾಡುವವರು ಅಂತ ಊರು ಬಿಟ್ಟು ಬಂದ ಎಷ್ಟೋ ಮಂದಿ ಇಲ್ಲಿದ್ದರು. ಸಾಂಬಾರು ಅನ್ನ ತಿಂದು ತಿಂದು ನಾಲಿಗೆ ಜಡ್ಡುಗಟ್ಟಿದೆ ಎಂದು ಗೋಳಾಡುತ್ತಿದ್ದ ಕೋರಸ್ಸಿನ ವಿಶ್ವನಾಥನನ್ನು ಗುರುಬಸಪ್ಪ ಒಂದು ಮಧ್ಯಾಹ್ನ ಮನೆಗೆ ಕರೆತಂದರು. ಅವನು ಮರುದಿನ ಇಬ್ಬರನ್ನು ಕರೆತಂದ. ಬರಬರುತ್ತ ಆ ಕೋಣೆಯಲ್ಲಿ ಚಾಪೆ ಸಾಲದಾಯಿತು. ಬೋರ್ಡಿಲ್ಲದಿದ್ದರೂ ಅದೊಂದು ಖಾನಾವಳಿಯೇ ಆಗಿಹೋಯಿತು.

ಸರ್ವಮಂಗಳಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹಂಚಿನಿಂದ ಇಳಿದದ್ದು ಸೀದಾ ತಟ್ಟೆಗೆ. ಯಾರಿಗೆ ಶೂಟಿಂಗ್ ಕ್ಯಾನ್ಸಲ್ ಆಗಿದೆ, ಯಾರಿಗೆ ಊರಿಂದ ಕೆಟ್ಟ ಸುದ್ದಿ ಬಂದಿದೆ, ಎಲ್ಲ ಅವರಿಗೆ ಮುಖದಲ್ಲೇ ಗೊತ್ತಾಗುತ್ತಿತ್ತು. ಒಮ್ಮೆ ಅವರಿಗೆ ಟೈಫಾಯ್ಡ್ ಬಂದು ಕೋಣೆಯ ಮೂಲೆಯಲ್ಲಿ ಮಲಗಿದಾಗ ಆ ಗಂಡಸರೇ ಒಲೆ ಹಚ್ಚಿದ್ದರು. ಮೇಕಪ್ಪಿನವನೊಬ್ಬ ಬಡಿದ ರೊಟ್ಟಿ ಹರಿದು ಹರಿದು ಹಂಚಿಗೆ ಅಂಟಿಕೊಂಡಾಗ, ಮಲಗಿದಲ್ಲಿಂದಲೇ "ಬಿಸಿನೀರು ಹಾಕಿ ನಾದರಿ!" ಎಂದು ಕೂಗಿ, ನಕ್ಕು, ಕೆಮ್ಮು ಹತ್ತಿಸಿಕೊಂಡಿದ್ದರು.

ಆಮೇಲೆ ಸಿನಿಮಾದ ಕೆಲಸವೆಲ್ಲ ಬೆಂಗಳೂರಿಗೆ ಹೋಯಿತು. ಅದರ ಹಿಂದೆ ಒಬ್ಬೊಬ್ಬರೇ ಹೋದರು. ಕೊನೆಗೆ ವಿಶ್ವನಾಥನೂ ಕಾಲಿಗೆ ಬಿದ್ದು ರೈಲು ಹತ್ತಿದ.

"ಅದಾದ ಮ್ಯಾಲ ನಾ ರೊಟ್ಟಿ ಮಾಡಿ ಮುಗಿಸಿ, ಖಾಲಿ ಚಾಪಿ ನೋಡಕೋತ ಕುಂದರತಿದ್ದೆ," ಅಂದರು ಸರ್ವಮಂಗಳಾ. "ನಿಮ್ಮಪ್ಪ ನಾಕ ದಿನ ನೋಡಿದರು. ಗ್ಯಾಸ್ ಒಲಿ ತರ್ತೀನಿ, ಗಾಳಿಗೆ ಆರತೈತಿ ಅಂತ ಹೇಳಿ ನಡುವ ಗ್ವಾಡಿ ಎಬ್ಬಿಸಿಬಿಟ್ಟರು. ಅದು ಗಾಳಿಗಲ್ಲ ಅಂತ ನನಗೂ ಗೊತ್ತಿತ್ತು."

ಶಿವರಂಜನ್ ಗೋಡೆಯ ಕಡೆ ತಿರುಗಿದ. ಇಷ್ಟು ವರ್ಷ ಬೆನ್ನು ಒರಗಿಸಿ ಟಿವಿ ನೋಡಿದ ಗೋಡೆ. ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಅವರು ಯಾವತ್ತೂ ಇದನ್ನು ಹೇಳಿರಲಿಲ್ಲ.

ಪೂರ್ಣಿಮಾ ಕೇಳಿದಳು: "ಆವಾಗ ಒಲಿ ಎಲ್ಲಿತ್ತು ಅತ್ತಿ?"

ಸರ್ವಮಂಗಳಾ ಎದ್ದು ತೋರಿಸಿದರು. ತೋರಿಸಿದ ಮೇಲೆ ಪ್ಲಾನಿನ ಕಡೆ ಬಗ್ಗಿ ನೋಡಿದರು. ಹೊಸ ಒಲೆ ಹಿತ್ತಲ ಗೋಡೆಗೆ ಮುಖ ಮಾಡಿತ್ತು.

"ಹಿಂಗಿಟ್ಟರ ಉಣ್ಣಾವರು ನನ್ನ ಬೆನ್ನು ನೋಡಕೋತ ಉಣ್ಣಬೇಕೇನು?"

ಒಲೆ ತಿರುಗಿಸಿದರೆ ಚಿಮ್ನಿಯ ಪೈಪನ್ನು ಸೂರಿನಗುಂಟ ಒಯ್ಯಬೇಕಾಗುತ್ತದೆ, ಚೆಂದ ಕಾಣುವುದಿಲ್ಲ ಎಂದಳು ಜಯಲಕ್ಷ್ಮೀ. ಚೆಂದ ಕಾಣದಿದ್ದರೂ ಅಡ್ಡಿಯಿಲ್ಲ, ಒಲೆ ತಿರುಗಿಸೋಣ ಎಂದಳು ಪೂರ್ಣಿಮಾ. ಹುರುಪು ಬಂದ ಸರ್ವಮಂಗಳಾ ಕಟ್ಟೆಯೇ ಬೇಡ, ಒಲೆ ನೆಲದ ಮೇಲಿರಲಿ ಎಂದು ಹಟ ಹಿಡಿದರು. "ಕುಂತ ಮ್ಯಾಲ ಏಳಸಾಕ ಕ್ರೇನ್ ತರಸಲೇನವ್ವ?" ಎಂದು ಮಗ ಕೇಳಿದಾಗ ಮೊಣಕಾಲು ಒತ್ತಿಕೊಂಡು ನಕ್ಕು ಕಟ್ಟೆಗೂ, ಗೋಡೆ ಒಡೆಸುವುದಕ್ಕೂ ಒಪ್ಪಿದರು.

ಗೋಡೆ ಬಿದ್ದ ದಿನ ಧೂಳು ಇಳಿದ ಮೇಲೆ ಅವರು ಒಲೆಯಿದ್ದ ತುದಿಗೆ ಹೋಗಿ ನಿಂತರು. ಬಾಗಿಲತನಕ ಕೋಣೆ ಖಾಲಿ ಕಂಡಿತು. ಯಾವುದಕ್ಕೆ ಹೆದರಿದ್ದರೋ ಅದೇ. ಕಣ್ಣು ತುಂಬಿ ಬಂತು. ಪೂರ್ಣಿಮಾ ಪಕ್ಕದಲ್ಲಿ ಬಂದು ನಿಂತಳು. ಸರ್ವಮಂಗಳಾ ಬೆರಳು ಮಾಡಿ ತೋರಿಸತೊಡಗಿದರು: "ಅಲ್ಲಿ ವಿಶ್ವನಾಥ ಕುಂದರತಿದ್ದ. ರೆಕಾರ್ಡಿಂಗ್ ಇದ್ದರ ದನಿ ಕೆಡತೈತಿ ಅಂತ ಎಣ್ಣಿ ಹಾಕಿದ್ದು ಮುಟ್ಟತಿದ್ದಿಲ್ಲ. ಈಚೀಕಡೆ ಲೈಟಿನವರು, ಅವರದು ಬರೇ ಗದ್ದಲ..." ಮೇಸ್ತ್ರಿಗಳು ಟೀ ಕುಡಿದು ಬಂದರೂ ಮಾತು ಮುಗಿದಿರಲಿಲ್ಲ.

ಮಳೆಗಾಲಕ್ಕೆ ಮೊದಲು ಕೆಲಸ ಮುಗಿಯಿತು. ಈಗ ಸಂಜೆ ಪೂರ್ಣಿಮಾ ಊಟದ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸಿನ ಮೀಟಿಂಗ್ ಮಾಡುತ್ತಾಳೆ. ಮೊನ್ನೆ ಒಗ್ಗರಣೆ ಹಾಕುತ್ತಿದ್ದ ಸರ್ವಮಂಗಳಾ ಪರದೆಯ ಕಡೆ ಇಣುಕಿ, "ಯಾರವರು, ಮಾರಿ ಅಷ್ಟು ಬಾಡೇತಿ? ಊಟ ಆತೇನ ಕೇಳು," ಅಂದರು. ಮ್ಯೂಟ್ ಮಾಡುವುದನ್ನು ಪೂರ್ಣಿಮಾ ಮರೆತಿದ್ದಳು. ಆ ಕಡೆಯಿಂದ ನಗುತ್ತ, ಇನ್ನೂ ಊಟವಾಗಿಲ್ಲ ಎಂದು ತಮಿಳಿನಲ್ಲಿ ಉತ್ತರ ಬಂತು: "ಇನ್ನುಂ ಇಲ್ಲೆ, ಅಮ್ಮಾ!"

"ಹಂಗಾರ ಬಾ ಅನ್ನು," ಎಂದು ಸರ್ವಮಂಗಳಾ ಒಲೆಯ ಉರಿ ಸಣ್ಣದು ಮಾಡಿದರು.